ಕಡಲೆಪುರಿ ಪೊಟ್ಟಣದಲ್ಲಿ ಮೇಷ್ಟರ ಬೆಂಚು

ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚು. ಇದ್ದ ಮನೆಗಳ ಹಿತ ಕಾಯಲು ಒಂದು ವಾರಪತ್ರಿಕೆ ಹುಟ್ಟಿಕೊಂಡಿತ್ತು. ಸಂಪಾದಕರ ಮನೆಯ ಮುಂದಿನ ಕೋಣೆಯೇ ಕಚೇರಿ, ಅದೇ ಅಚ್ಚುಕೂಟ. ವರದಿಗಾರ, ಉಪಸಂಪಾದಕ, ಪ್ರೂಫ್ ತಿದ್ದುವವ ಎಲ್ಲವೂ ನಾನೊಬ್ಬನೇ ಆದ್ದರಿಂದ ಸಿಬ್ಬಂದಿಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಒಂದು ಸೋಮವಾರ ನಮ್ಮ ಬೀದಿಯ ಗೃಹಸ್ಥರೊಬ್ಬರು ಮೂರು ಪುಟದ ದೂರು ತಂದರು. ಪಕ್ಕದ ಮನೆಯ ಮೇಷ್ಟರು ಶಾಲೆಯ ಬೆಂಚೊಂದನ್ನು ಮನೆಗೆ ಸಾಗಿಸಿ, ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ ಎಂಬುದು ಸಾರಾಂಶ. ಬಚ್ಚಲುನೀರು ಯಾರ ಕಡೆ ಹರಿಯಬೇಕೆಂಬ ವಿಚಾರದಲ್ಲಿ ಇಬ್ಬರಿಗೂ ಮೊದಲಿನಿಂದಲೇ ಆಗುತ್ತಿರಲಿಲ್ಲ. ಬುಧವಾರ ಶಾಲಾ ಸಮಿತಿಯ ವಿಚಾರಣೆ. ಆರೋಪ ನಿಂತರೆ ಮೇಷ್ಟರ ಕೆಲಸಕ್ಕೇ ಸಂಚಕಾರ.

ನಾನು ಉತ್ಸಾಹದಿಂದ ಅಚ್ಚುಮೊಳೆ ಜೋಡಿಸಿ, ಮೂರು ಪ್ರತಿ ಪ್ರೂಫ್ ತೆಗೆದು ಸಂಪಾದಕರ ಮುಂದಿಟ್ಟೆ. ಅವರು ಉದ್ದಕ್ಕೆ ಒಂದು ಗೀಟು ಎಳೆದರು.

“ವಿಚಾರಣೆಗೆ ಮುಂಚೆ ತೀರ್ಪು ಕೊಡೋಕೆ ನಾವೇನು ಹೈಕೋರ್ಟಾ?”

“ಬೀದಿಗೆಲ್ಲ ಗೊತ್ತಿರೋ ವಿಷಯ ಸಾರ್.”

“ಗೊತ್ತಿದ್ಮೇಲೆ ಅಚ್ಚು ಯಾಕಯ್ಯಾ?”

ಪತ್ರಿಕಾಧರ್ಮ ಹೀಗೆ ಉಳಿಯಿತು. ಆದರೆ ಹಳೆಯ ಪ್ರೂಫ್‌ಗಳನ್ನು ಪ್ರತಿ ಮಂಗಳವಾರ ಬೆಳಿಗ್ಗೆ ಮೂಲೆಯ ಕಡಲೆಪುರಿ ಅಂಗಡಿಗೆ ಕೊಡುವುದು ನಮ್ಮ ಪದ್ಧತಿ. ಚಂದಾದಾರರಿಗಿಂತ ಅಲ್ಲಿನ ಗಿರಾಕಿಗಳೇ ನಮ್ಮನ್ನು ಹೆಚ್ಚು ಓದುತ್ತಿದ್ದರು. ಆ ಮೂರು ಹಾಳೆಗಳನ್ನೂ ನಾನು ಕಟ್ಟಿನಲ್ಲಿ ಸೇರಿಸಿ ಕೊಟ್ಟುಬಿಟ್ಟಿದ್ದೆ. ಶಾಲಾ ಸಮಿತಿಯ ಅಧ್ಯಕ್ಷರು ದಿನಾ ಅಲ್ಲೇ ಪುರಿ ಕೊಳ್ಳುವವರು ಎಂಬುದು ನೆನಪಾದಾಗ ಮಧ್ಯಾಹ್ನವಾಗಿತ್ತು. ನಾವಿಬ್ಬರೂ ಓಡಿದೆವು.

“ಎರಡು ಇಲ್ಲೇ ಅವೆ, ಪುರಿ ತುಂಬಿ ಕಟ್ಟಿಟ್ಟಿದೀನಿ,” ಎಂದ ಅಂಗಡಿಯವನು. “ಇನ್ನೊಂದು ಹೋಯ್ತು ಸಾರ್. ಯಾರು ತಗೊಂಡ್ರೋ ಜ್ಞಾಪಕ ಇಲ್ಲ.”

ಎರಡು ಪೊಟ್ಟಣಗಳನ್ನು ಅಲ್ಲೇ ನಿಂತು ತಿಂದು ಮುಗಿಸಿ, ಕಾಗದ ಜೇಬಿಗೆ ಹಾಕಿಕೊಂಡೆವು. ಮೂರನೆಯದು ಅಧ್ಯಕ್ಷರ ಕೈ ಸೇರಿದ್ದರೆ ಮೇಷ್ಟರ ಗತಿಯೇನು ಎಂದು ಯೋಚಿಸುತ್ತ ಕಚೇರಿಗೆ ಮರಳಿದೆವು.

ಬುಧವಾರ ಮಧ್ಯಾಹ್ನ ಮೇಷ್ಟರ ಹೆಂಡತಿ ಕಚೇರಿಗೆ ಬಂದರು. ನಾವು ಎದ್ದು ನಿಂತೆವು.

“ಏನ್ರಪ್ಪಾ, ನಮ್ಮನೆಯವರನ್ನ ಪುರಿಗೆ ಸುತ್ತಿ ಕಳಿಸಿದೀರಲ್ಲ?”

“ಅಮ್ಮಾ, ಆ ಕಾಗದ...”

“ಹಂಡೆ ಒಲೆಗೆ ಹಾಕ್ದೆ. ನಮ್ಮನೆಯವರ ಕಣ್ಣಿಗೆ ಬಿದ್ದಿದ್ರೆ ಸಮಿತಿ ಮುಂದೆ ಬಾಯೇ ಬರ್ತಿರ್ಲಿಲ್ಲ. ಈಗ ಎಲ್ಲ ಸರಿಹೋಯ್ತು ಬಿಡಿ.”

ಶಾಲೆಗೆ ಹೊಸ ಬಾಗಿಲು ಬರುವವರೆಗೆ ಬೆಂಚು ಕಳುವಾಗದಂತೆ ಮನೆಯಲ್ಲಿರಲಿ ಎಂದು ಹೆಡ್‌ಮಾಸ್ಟರೇ ಬರೆದುಕೊಟ್ಟಿದ್ದ ಚೀಟಿಯನ್ನು ಮೇಷ್ಟರು ಸಮಿತಿಗೆ ತೋರಿಸಿದ್ದರು. ಕಾಫಿ ಕುಡಿದದ್ದನ್ನು ಒಪ್ಪಿಕೊಂಡರಂತೆ. ಅದನ್ನು ಸಮಿತಿ ಮನ್ನಿಸಿತು.

ಸಂಜೆ ಆ ಗೃಹಸ್ಥರು ಮೆಲ್ಲಗೆ ಬಂದರು. “ತೀರ್ಮಾನದ ಸುದ್ದಿ ಹಾಕ್ಬೇಡಿ ಸಾರ್. ಅಕ್ಕಪಕ್ಕದವರ ವಿಷಯ, ಪೇಪರ್ನಲ್ಲಿ ಯಾಕೆ?”

ಸಂಪಾದಕರು ಗಂಭೀರವಾಗಿ ಒಪ್ಪಿದರು. ಅಂದಿನಿಂದ ಗೀಟು ಬಿದ್ದ ಪ್ರೂಫ್‌ಗಳೆಲ್ಲ ಸಂಪಾದಕರ ಮನೆಯದೇ ಹಂಡೆ ಒಲೆಗೆ ಹೋಗತೊಡಗಿದವು. ಬೀದಿಯ ಜಗಳಗಳು ಎಂದೂ ಕಡಿಮೆಯಾಗಲಿಲ್ಲ. ಆ ಮನೆಯಲ್ಲಿ ಬಿಸಿನೀರಿಗೆ ಕೊರತೆಯೂ ಬರಲಿಲ್ಲ.