ಎಡಗಡೆ ನಿಂತವಳ ದನಿ

ನನಗೆ ಹನ್ನೊಂದು ವರ್ಷವಿದ್ದಾಗ ನಾವು ಭೀಮರಾಯನಗುಡಿಯ ಕ್ಯಾಂಪಿನಲ್ಲಿದ್ದೆವು. ಅಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಒಂದು ದಿನ ಅಣ್ಣ ಶಹಾಪುರದ ಬಸ್‌ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಹಿಂದಿ ಪಾಪ್ ಹಾಡುಗಳ ಕ್ಯಾಸೆಟ್ ತಂದ. ಹೊದಿಕೆಯ ಮೇಲೆ ಮೂವರು ಹುಡುಗಿಯರ ಚಿತ್ರವಿತ್ತು. ಹಾಡಿದವರ ಹೆಸರು ಎಲ್ಲಿಯೂ ಇರಲಿಲ್ಲ. ನಾನೂ ಪಕ್ಕದ ಕ್ವಾರ್ಟರ್ಸಿನ ಗೆಳತಿಯೂ ಅವರು ನಿಂತ ಜಾಗವನ್ನೇ ಹೆಸರು ಮಾಡಿಕೊಂಡೆವು: ಎಡಗಿನಾಕಿ, ನಡುವಿನಾಕಿ, ಬಲಗಿನಾಕಿ.

ಯಾವ ದನಿ ಯಾರದು ಎಂದು ತೀರ್ಮಾನಿಸಿದವರೂ ನಾವೇ. ತೆಳು ದನಿಗಳನ್ನು ಗೆಳತಿ ನಡುವಿನಾಕಿಗೂ ಬಲಗಿನಾಕಿಗೂ ಹಂಚಿದಳು. ಒಂದು ದನಿ ಮಾತ್ರ ದಪ್ಪಗಿತ್ತು, ಎತ್ತರಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು. ಅದು ಎಡಗಿನಾಕಿಯದೇ ಎಂದು ನಾನು ಹಟ ಹಿಡಿದೆ. ಅವಳ ಕೂದಲು ಕಿವಿಯವರೆಗಷ್ಟೇ ಇತ್ತು. ಉಳಿದಿಬ್ಬರು ನಗುತ್ತಿದ್ದರೆ ಅವಳು ಯಾರೋ ಕರೆದಂತೆ ಬೇರೆ ಕಡೆ ನೋಡುತ್ತಿದ್ದಳು.

ನನ್ನ ದನಿಯೂ ದಪ್ಪ. ಫೋನ್ ಎತ್ತಿದರೆ ಆ ಕಡೆಯವರು, "ಅಪ್ಪಗ ಕೊಡೋ ತಮ್ಮಾ" ಎನ್ನುತ್ತಿದ್ದರು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಟೀಚರ್ ನನ್ನ ಹತ್ತಿರ ಬಂದು, "ಗಂಡುದನಿ ಆಗ್ತದ. ನೀ ಬರೇ ತುಟಿ ಅಲ್ಲಾಡಸು" ಎಂದಿದ್ದರು. ಅವತ್ತು ಮನೆಗೆ ಬಂದು ಕ್ಯಾಸೆಟ್ ಹಾಕಿ, ಬಾಗಿಲು ಮುಚ್ಚಿಕೊಂಡು, ಎಡಗಿನಾಕಿಯ ಜೊತೆ ಗಂಟಲು ಬಿಟ್ಟು ಹಾಡಿದೆ. ಅವಳೂ ಹೆಣ್ಣೇ, ಅವಳ ದನಿಯೂ ಹೀಗೇ ಎಂಬುದೊಂದೇ ನನಗೆ ಸಾಕಾಗಿತ್ತು.

ಬೇಸಿಗೆ ರಜೆಯಲ್ಲಿ ಗೆಳತಿ ಅವರವ್ವನ ಹೊಲಿಗೆ ಕತ್ತರಿಯಿಂದ ನನ್ನ ಜಡೆ ಕತ್ತರಿಸಿದಳು. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ, "ಬೆಳೀತದ ಬಿಡು" ಎಂದರು. ಬೆಳೆಯಿತು, ಮತ್ತೆ ಕತ್ತರಿಸಿದೆ. ಈಗಲೂ ನನ್ನ ಕೂದಲು ಅಷ್ಟೇ ಉದ್ದ.

ಸುರಪುರದಲ್ಲಿ ಕಾಲೇಜು ಓದುವಾಗ ಒಂದು ಕಾರ್ಯಕ್ರಮದ ನಿರೂಪಣೆ ಮಾಡಬೇಕಿದ್ದ ಹುಡುಗಿಗೆ ಜ್ವರ ಬಂತು. ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ಮೈಕಿನ ಮುಂದೆ ಎಡಗಿನಾಕಿ ಹೇಗೆ ನಿಲ್ಲುತ್ತಿದ್ದಳು ಎಂದು ಊಹಿಸಿಕೊಂಡು ನಿಂತೆ. ಗದ್ದಲ ಮಾಡುತ್ತಿದ್ದ ಹಿಂದಿನ ಬೆಂಚಿನವರು ಸುಮ್ಮನಾದರು. ಮುಂದೆ ಅದೇ ಊರಿನ ಹೈಸ್ಕೂಲಿನಲ್ಲಿ ಟೀಚರ್ ಆದೆ, ತಾಲ್ಲೂಕಿನ ಸಮಾರಂಭಗಳಿಗೆ ನಿರೂಪಕಿಯೂ ಆದೆ, ಅಲ್ಲಿ ಒಮ್ಮೊಮ್ಮೆ ಎಡಗಿನಾಕಿಯ ಕತೆಯನ್ನೂ ಹೇಳುತ್ತಿದ್ದೆ. ಅಂಥದ್ದೇ ಒಂದು ಸಮಾರಂಭದಲ್ಲಿ ದನಿ ಕೇಳಿ ತಿರುಗಿ ನೋಡಿದವರು ಈಗ ನನ್ನ ಗಂಡ.

ಹೋದ ವರ್ಷ ಯಾದಗಿರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಅದೇ ಹಳೆಯ ಗೆಳತಿಯೂ ಬಂದಿದ್ದಳು. ಅವಳೀಗ ಸೈದಾಪುರದಲ್ಲಿದ್ದು, ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಊಟಕ್ಕೆ ಕೂತಾಗ ಸೌಂಡ್ ಬಾಕ್ಸಿನಲ್ಲಿ ಎಡಗಿನಾಕಿಯ ಹಾಡು ಬಂತು. ದನಿ ಒಡೆಯುವ ಜಾಗವೂ ಅದೇ. ಆದರೆ ಹಾಡುತ್ತಿದ್ದವನು ಗಂಡಸು, ಹಾಡೂ ನಿಧಾನ.

"ಯಾರೋ ಹೊಸದಾಗಿ ಹಾಡ್ಯಾರ" ಎಂದೆ.

ಗೆಳತಿ ಎಲೆಯಿಂದ ತಲೆ ಎತ್ತಲಿಲ್ಲ. "ಹೊಸದಲ್ಲ. ಹಳೇದೇ ಇದು."

"ಇದು ಎಡಗಿನಾಕಿ ಹಾಡಿದ್ದು."

"ಹಂಗಂತ ನಾವು ಅಂದ್ಕೊಂಡಿದ್ವಿ. ಅಂಗಡಿಯಾವ ಅವರಿವರ ಹಾಡು ಕೂಡಿಸಿ ಕಾಪಿ ಹೊಡದಾನ. ಟೇಪು ಜೋರು ಓಡಿ ಗಂಡಸಿನ ದನಿ ಹೆಣ್ಣಿನ ದನಿ ಹಂಗ ಕೇಳಿಸ್ಯದ. ಫ್ಯಾಕ್ಟರಿಯಾಗ ಒಬ್ಬಾಕಿ ಫೋನಿನಾಗ ಹಚ್ಚಿದ್ಲು, ಆವಾಗ ತಿಳೀತು."

"ಯಾವಾಗ?"

"ನಾಕೈದು ವರ್ಷ ಆಗಿರಬೇಕು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿನಗ ಗೊತ್ತಿರ್ತದ ಅಂದ್ಕೊಂಡೆ. ಆಮ್ಯಾಗ ನೀ ಸ್ಟೇಜಿನ ಮ್ಯಾಲೆ ನಿಂತು ಆಕಿ ಬಗ್ಗೆ ಹೇಳೂದು ಕೇಳಿದೆ. ಹೇಳಾಕ ಮನಸ್ಸಾಗಲಿಲ್ಲ."

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ನಾನು ಅನ್ನ ಕಲಸುತ್ತಲೇ ಇದ್ದೆ.

ಮನೆಗೆ ಬಂದು ಗಂಡನ ಮುಂದೆ ಕ್ಯಾಸೆಟ್ ಇಟ್ಟೆ. ಅವರು ಹೊದಿಕೆಯ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದರು. ಆ ಮೂವರು ಯಾವುದೋ ಹಳೆಯ ಬಟ್ಟೆ ಜಾಹೀರಾತಿನ ಹುಡುಗಿಯರು. ಹಾಡುಗಳು ಒಂದೊಂದೂ ಒಬ್ಬೊಬ್ಬರವು. ಅಂಥ ಗುಂಪೇ ಇರಲಿಲ್ಲ. ನಾನು ಎಡಗಿನಾಕಿಯದೆಂದುಕೊಂಡಿದ್ದ ದನಿಯವರ ಚಿತ್ರವೂ ಸಿಕ್ಕಿತು: ಮೀಸೆ ಇದ್ದ, ತಲೆ ಬೆಳ್ಳಗಾದ ಒಬ್ಬರು.

"ಹಾಡಂತೂ ಛಲೋ ಅದ ಅಲ್ಲ?" ಎಂದರು ಗಂಡ. ಹೌದೆಂದೆ. ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಯಾರೋ ತೀರಿಕೊಂಡಷ್ಟು ಸಂಕಟವಾಗುತ್ತಿತ್ತು, ಆದರೆ ಯಾರೂ ತೀರಿಕೊಂಡಿರಲಿಲ್ಲ. ಗಂಡುದನಿ ಎಂದವರ ಎದುರು ಇಷ್ಟು ವರ್ಷ ಮನಸ್ಸಿನಲ್ಲೇ ಯಾವ ದನಿಯನ್ನು ಸಾಕ್ಷಿಗೆ ಕರೆಯುತ್ತಿದ್ದೆನೋ ಅದು ಗಂಡಿನದೇ ಆಗಿತ್ತು. ಹಾಗಾದರೆ ಅವರು ಹೇಳಿದ್ದು ಸರಿಯೇ? ಮರುದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ನನ್ನ ದನಿ ಬೇರೆ ಯಾರೋ ಕರೆದಂತೆ ಕೇಳಿಸಿತು.

ಕಷ್ಟವಿದ್ದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ವಿಷಯದಲ್ಲಿ. ಅವಳದೂ ದಪ್ಪ ದನಿ. ತಾಲ್ಲೂಕು ಮಟ್ಟದ ಗಾಯನ ಸ್ಪರ್ಧೆಗೆ ಹೆಸರು ಕೊಡಲು ಹಿಂಜರಿಯುತ್ತಿದ್ದಳು. "ನಿನ್ನಂಥಾದೇ ದನಿಯಾಕಿ ಒಬ್ಬಾಕಿ ದೊಡ್ಡ ಹಾಡುಗಾರ್ತಿ ಇದ್ಲು. ಕೇಳಸ್ತೀನಿ ತಡಿ" ಎಂದು ನಾನೇ ಒಪ್ಪಿಸಿದ್ದೆ. ಮದುವೆಯ ಮರುವಾರ ಅವಳು ಸ್ಟಾಫ್ ರೂಮಿಗೆ ಬಂದು, "ಆ ಹಾಡು ಕೇಳಸ್ತೀನಂದಿದ್ರಿ" ಎಂದಳು.

ಫೋನಿನಲ್ಲಿ ಹಚ್ಚಿದೆ. ಅವಳು ಕೊನೆಯವರೆಗೂ ಕೇಳಿದಳು.

"ಗಂಡಸರು ಅದಾರಲ್ರಿ ಟೀಚರ್."

"ಹೌದವ್ವ. ನಾ ತಪ್ಪು ತಿಳದಿದ್ದೆ" ಎಂದು ಕ್ಯಾಸೆಟ್ಟಿನ ಕತೆಯೆಲ್ಲ ಹೇಳಿದೆ.

"ಹಂಗಾದ್ರ ನಂದು ಯಾರ ದನಿ ಹಂಗ ಅದರಿ?"

ಇಷ್ಟು ವರ್ಷ ಮೈಕಿನ ಮುಂದೆ ಮಾತಿಗೆ ತಡವರಿಸದವಳು ನಾನು. "ಗೊತ್ತಿಲ್ಲವ್ವ" ಎಂದೆ.

ಅವಳು ಬೇಜಾರಾದಂತೆ ಕಾಣಲಿಲ್ಲ. "ಇನ್ನೊಂದ್ಸಲ ಹಚ್ರಿ" ಎಂದಳು. ಎರಡನೇ ಸಲ ಆ ಗಂಡುದನಿಯ ಜೊತೆಗೇ, ಅದೇ ಕೆಳಗಿನ ಸ್ವರದಲ್ಲಿ ಸರಾಗವಾಗಿ ಹಾಡಿದಳು. ನಾನೂ ದನಿ ಸೇರಿಸಲು ಹೋದೆ. ನನಗೆ ರೂಢಿಯಿದ್ದ ವೇಗ ಬೇರೆ. ಪ್ರತಿ ಸಾಲಿಗೂ ನಾನು ಮೊದಲೇ ಬರುತ್ತಿದ್ದೆ. ಅವಳು ನನ್ನ ಕಡೆ ನೋಡಿ, "ಸಾವಕಾಶ್ರಿ ಟೀಚರ್" ಎಂದಳು.

ಸ್ಪರ್ಧೆಯಲ್ಲಿ ಅವಳು ಬೇರೆ ಹಾಡು ಹಾಡಿದಳು. ಬಹುಮಾನ ಬರಲಿಲ್ಲ, ಚಪ್ಪಾಳೆ ಬಂತು. ನಿರೂಪಣೆ ನನ್ನದೇ ಇತ್ತು. ಅವಳನ್ನು ವೇದಿಕೆಗೆ ಕರೆಯುವಾಗ ಅವಳ ದನಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದುಕೊಂಡಿದ್ದೆ. ಆದರೆ ಹೆಸರಷ್ಟೇ ಹೇಳಿ, ಮೈಕು ಅವಳಿಗೆ ಬಿಟ್ಟು ಪಕ್ಕಕ್ಕೆ ಸರಿದೆ.