ಬಾವಿಗೆ ಹಾಕಿದ ಕೀಲಿ

ಇದನ್ನು ಹೇಳಬೇಕೆಂದುಕೊಂಡೇ ಒಂಬತ್ತು ವರ್ಷ ಮುಂದೂಡಿದೆ. ವಕೀಲರ ಮನೆ ಕಳವಾದದ್ದು ನನ್ನ ತಪ್ಪಿನಿಂದ. ಆ ಕಳಂಕ ಹೊತ್ತವಳು ಬೇರೊಬ್ಬಳು — ಹೊರಿಸಿದವನು ನಾನು.

ಆಳಂದದಲ್ಲಿ ನಮ್ಮ ಮಗ್ಗುಲ ಮನೆ ವಕೀಲರದು. ಅವರು ಕಲಬುರಗಿಯಲ್ಲಿ ನೆಲೆಸಿದ ಮೇಲೆ ಅದನ್ನು ಮಾರಾಟಕ್ಕಿಟ್ಟು, ಗಿರಾಕಿ ಸಿಗುವವರೆಗೆ ಕಾಯಲು ನನಗೆ ಒಪ್ಪಿಸಿದರು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಬಾರದು. ಕೀಲಿ ತೂಗಿದರೆ ಮನೆ ಖಾಲಿ ಎಂದು ಓಣಿಗೆಲ್ಲ ಸಾರಿದಂತೆ. ಒಳಗಿನಿಂದ ಚಿಲಕ ಹಾಕಿ, ಹಿತ್ತಲ ಬಾಗಿಲಿನಿಂದ ಹೊರಬಂದು, ಅಲ್ಲಿ ಕೀಲಿ ಹಾಕಬೇಕು. ಹಿತ್ತಲ ಕೀಲಿಗೆ ಎರಡು ಚಾವಿ. ಒಂದು ನನ್ನ ಹತ್ತಿರ, ಇನ್ನೊಂದು ಕಸ ಗುಡಿಸಲು ಬರುತ್ತಿದ್ದ ಹೆಂಗಸಿನ ಹತ್ತಿರ.

ಮನೆಯಲ್ಲಿ ಜನ ಇದ್ದಾರೆಂದು ಕಾಣಲಿ ಎಂದು ಆಕೆ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು, ಸಂಜೆ ಹೊಸ್ತಿಲಲ್ಲಿ ದೀಪ ಇಡುತ್ತಿದ್ದಳು. ಒಮ್ಮೆ ನಗುತ್ತ ಹೇಳಿದಳು: "ರಂಗೋಲಿ ನೋಡಿ ಭಿಕ್ಷಾದವ್ರು ಬಂದು ನಿಂದರ್ತಾರ್ರಿ ಕಾಕಾ. ಯಾರೂ ಇಲ್ಲಂತ ಹೇಳಂಗಿಲ್ಲ. ನಮ್ಮನಿ ರೊಟ್ಟಿ ತಂದು ನೀಡಾಕತ್ತೇನಿ."

ಅಂದು ಮಧ್ಯಾಹ್ನ ಹಿರೋಳ್ಳಿಯ ಗಿರಾಕಿಯೊಬ್ಬ ಬಂದಿದ್ದ. ಮನೆ ತೋರಿಸುವಷ್ಟರಲ್ಲಿ ನನಗೆ ಕಿಣ್ಣಿ ಸುಲ್ತಾನದ ಬಸ್ಸಿನ ಹೊತ್ತಾಯಿತು. ಅಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹಿತ್ತಲು ಸುತ್ತಿ ಬರಲು ಬೇಸರ — ಬೇಸರವೇ, ಬೇರೆ ಹೆಸರು ಕೊಡಲಾರೆ. ಗಿರಾಕಿಯ ಜೊತೆ ಮುಂಬಾಗಿಲಿನಿಂದಲೇ ಹೊರಬಂದು, ನಮ್ಮ ಮನೆಯ ಕೀಲಿಯೊಂದನ್ನು ಅದಕ್ಕೆ ಜಡಿದು ಹೊರಟುಬಿಟ್ಟೆ. ಒಂದೇ ರಾತ್ರಿ ತಾನೆ...

ಮರುದಿನ ಮೊದಲ ಬಸ್ಸಿಗೆ ಬಂದು ನೋಡಿದರೆ ಕೀಲಿ ಒಡೆದು ಬಿದ್ದಿತ್ತು. ವಕೀಲರ ತಾಯಿಯ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ, ಏನೂ ಇರಲಿಲ್ಲ. ಕಸ ಗುಡಿಸುವ ಹೆಂಗಸು ಇನ್ನೂ ಬಂದಿರಲಿಲ್ಲ. ಒಡೆದ ಕೀಲಿಯನ್ನು ಹಿತ್ತಲ ಬಾವಿಗೆ ಹಾಕಿದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹಿತ್ತಲಿನಿಂದ ಹೊರಬಂದು, ಅಲ್ಲಿ ಎಂದಿನಂತೆ ಕೀಲಿ ಹಾಕಿ, ಆಮೇಲೆ ವಕೀಲರಿಗೆ ಫೋನ್ ಮಾಡಿದೆ. ನನ್ನ ಮಾನ ಉಳಿದರೆ ಸಾಕೆನಿಸಿತ್ತು. ಒಡೆದ ಗುರುತೇ ಇಲ್ಲದಿದ್ದರೆ ಬೆರಳು ಎತ್ತ ತಿರುಗುತ್ತದೆ ಎಂದು... ಆಗ ಹೊಳೆಯಲಿಲ್ಲ ಎನ್ನಬಹುದಿತ್ತು. ಹೊಳೆದಿತ್ತು.

ವಕೀಲರು ಬಂದು ಎರಡೂ ಬಾಗಿಲು ನೋಡಿದರು. ಚಾವಿ ಇದ್ದವರೇ ಒಳಗೆ ಬಂದಿದ್ದಾರೆ ಎಂದರು.

ಆಕೆ ಅಂಜಲಿಲ್ಲ. "ಸಂಜಿಕ ದೀಪ ಇಡಾಕ ಬಂದಾಗ ಮುಂದಿನ ಬಾಗಲಕ್ಕ ಕೀಲಿ ಇತ್ತ್ರಿ ಸಾಹೇಬ್ರ. ಕಾಕಾನ್ನ ಕೇಳ್ರಿ."

ನಾನು ಅಂದೆ: "ಯಾವ ಕೀಲಿ ಬೇ?"

ಅಷ್ಟೇ. ಮೂರು ಮಾತು. ಆಕೆ ನನ್ನ ಮುಖವನ್ನೇ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟು ಹೋದಳು. ಓಣಿಯಲ್ಲಿ ಆ ಕೀಲಿ ಕಂಡವರು ಬೇರೆಯವರೂ ಇದ್ದಿರಬೇಕು. ಯಾರೂ ಬಾಯಿ ಬಿಡಲಿಲ್ಲ. ವಕೀಲರು ಪೊಲೀಸರಿಗೂ ಹೇಳಲಿಲ್ಲ — ಕಳವಾದ ಮನೆ ಎಂದು ಹೆಸರು ಬಂದರೆ ಯಾರು ಕೊಳ್ಳುತ್ತಾರೆ? ಹೀಗೆ ಮನೆಯ ಹೆಸರು ಉಳಿಯಿತು, ನನ್ನದೂ ಉಳಿಯಿತು. ಆಕೆಯನ್ನು ಮಾತ್ರ ಒಂದೊಂದೇ ಮನೆಯವರು ಬರಬೇಡ ಎಂದರು. ತಿಂಗಳೊಳಗೆ ಊರು ಬಿಟ್ಟು ಚೌಡಾಪುರದ ಅಕ್ಕನ ಮನೆಗೆ ಹೋದಳು.

ಅಫಜಲಪುರಕ್ಕೆ ಹೋಗುವಾಗ ಚೌಡಾಪುರದಲ್ಲಿ ಬಸ್ಸು ನಿಲ್ಲುತ್ತದೆ. ಎಷ್ಟೋ ಸಲ ನಿಂತಿದೆ. ಒಮ್ಮೆ ಆಕೆಯೇ ಕಂಡಳು, ರಸ್ತೆ ಬದಿಯ ಚಹದಂಗಡಿಯಲ್ಲಿ ಕಪ್ಪು ತೊಳೆಯುತ್ತಿದ್ದಳು. ನಾನು ಟವೆಲ್ಲು ಮುಖಕ್ಕೆ ಎಳೆದುಕೊಂಡೆ.

ನಿನ್ನೆ ವಕೀಲರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ನನಗ್ಯಾಕ ಹೇಳ್ತೀರಿ?" ಎಂದರು. ಸರಿಯಾದ ಮಾತು. ಅವರ ಕ್ಷಮೆ ಕೇಳುವುದು ಸುಲಭವಿತ್ತು, ಅದಕ್ಕೇ ಮೊದಲು ಅದನ್ನು ಮಾಡಿದೆ. ಕೇಳಬೇಕಾದವಳನ್ನು ಇಂದಿಗೂ ಕೇಳಿಲ್ಲ — ಚೌಡಾಪುರದ ಮಹಾನಂದಾಳನ್ನು.