ಹಾಲು ಬಿಡಿಸದ ಬಾಲಮ್ಮ

ಮುಂಬೈ ಹತ್ತಿರದ ಮುಂಬ್ರಾ ಗುಡ್ಡದ ಬುಡದಲ್ಲಿ ನಾಲ್ಕು ಕುರಿ ಸಾಕಿರುವ ನೆರೆಮನೆಯ ಬಾಲಮ್ಮನಿಗೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿದೆ. ಕೋಡು ಮೂಡಿದ ಮರಿಗಳು ಇನ್ನೂ ಮೊಲೆಗೆ ಗುದ್ದುವ ರಭಸಕ್ಕೆ ತಾಯಿಯ ಹಿಂಗಾಲುಗಳೇ ನೆಲ ಬಿಡುತ್ತವೆ, ಈಕೆ ಮಾತ್ರ ತಂಬಾಕು ತಿಕ್ಕುತ್ತ, “ತಾಯಿನೇ ಒದ್ದು ಬಿಡಸ್ತದ ತಗೋರಿ, ಗಡಬಡಿ ಯಾಕ?” ಎನ್ನುತ್ತಾಳೆ. ಒದೆಯಲು ಆ ಎಲುಬಿನ ಗೂಡಿನಲ್ಲಿ ತ್ರಾಣವೆಲ್ಲಿದೆ? ಮರಿಗಳನ್ನು ಬೇರೆ ಕಟ್ಟು ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ; ಅವುಗಳ ಬಾಯಿಗೆ ಕಟ್ಟಲು ಕುಕ್ಕೆ ತಂದುಕೊಟ್ಟರೆ ಅದರಲ್ಲಿ ಬೆಳ್ಳುಳ್ಳಿ ತುಂಬಿ ತೂಗುಹಾಕಿದಳು. ನಿನ್ನೆ ರೇಗಿ, ತಾಯಿಕುರಿಯ ಮೊಲೆಗೆ ಹಚ್ಚಲು ನಾನೇ ಬೇವು ಅರೆದು ಒಯ್ದೆ. ಬಟ್ಟಲು ಕಸಿದುಕೊಂಡಳು: “ಬ್ಯಾಡ್ರೀ ಅಕ್ಕಾ. ಇಲ್ಲಿ ಬಿಲ್ಡಿಂಗ್ ಕೆಲಸಕ್ಕ ಬರಾಗ ನಾನೂ ಎದಿಗಿ ಇದನ್ನೇ ಹಚಗೊಂಡು ಕೂಸಿಗಿ ಹಾಲು ಬಿಡಸಿ, ಅತ್ತಿ ಉಡ್ಯಾಗ ಹಾಕಿ ಬಂದೆ. ಈಗ ಫೋನ್ ಮಾಡಿದ್ರ ಮಗ ‘ಯಾರ್ರೀ’ ಅಂತಾನ.”